ರೇಣುಕಮ್ಮನ ಎರಡನೇ ಸ್ಕ್ಯಾನ್

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ನನ್ನ ಆಟೋ ಒಮ್ಮೆ ಹನ್ನೊಂದೇ ನಿಮಿಷದಲ್ಲಿ ಹೋಗಿದೆ. ದಾರಿಯಲ್ಲಿ ಚಕ್ರ ನೆಲಕ್ಕೆ ತಾಗಿದ್ದು ಎರಡೇ ಸಲ. ಅದನ್ನು ನೋಡಿದ ಸರ್ಕಾರಿ ಬಸ್ಸಿನ ಡ್ರೈವರ್ ಮರುದಿನವೇ ಕೆಲಸ ಬಿಟ್ಟ. ನಂಬದವರು ಎಣ್ಣೆ ಮಿಲ್ಲಿನ ಮುಂದಿನ ಆಟೋ ಸ್ಟ್ಯಾಂಡಿನಲ್ಲಿ ಕೇಳಬಹುದು. ದುರುಗೇಶ್, ಅಂದರೆ ನಾನು, ಹೇಳಿದ್ದರಲ್ಲಿ ಮುಕ್ಕಾಲು ಕಳೆಯಬೇಕು ಎನ್ನುತ್ತಾರೆ ಅವರು. ಹೊಟ್ಟೆಕಿಚ್ಚು.

ನನ್ನ ಹೆಂಡತಿ ರೇಣುಕಮ್ಮ ದೇವಸಮುದ್ರದವಳು. ತಿಂಗಳಿಗೆ ಐದು ದಿನ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿರುತ್ತಿದ್ದಳು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. 2003ರಲ್ಲಿ ಡಾಕ್ಟರು ಕಾಯಿಲೆ ಏನೆಂದು ಹೇಳಿದರು. ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದು, ತಿಂಗಳು ತಿಂಗಳು ಅಲ್ಲೇ ರಕ್ತ ಒಸರಿ, ಒಳಗಿನದ್ದನ್ನೆಲ್ಲ ಒಂದಕ್ಕೊಂದು ಅಂಟಿಸುತ್ತದಂತೆ. ಎಲ್ಲೆಲ್ಲಿ ಅಂಟಿದೆ ಅಂತ ಆಪರೇಷನ್ನಿಗೆ ಮುಂಚೆ ಸ್ಕ್ಯಾನ್ ಮಾಡಿ ನೋಡಬೇಕು ಅಂದರು.

ಸ್ಕ್ಯಾನಿಗೆಂದು ಅವಳು ಕುಡಿದ ನೀರಿಗೆ ಚಳ್ಳಕೆರೆಯ ನಲ್ಲಿಗಳೆಲ್ಲ ಒಣಗಿದವು. ಸ್ಕ್ಯಾನ್ ಕೋಣೆಯ ಹೊರಗೆ ಕಾಯುವಾಗ ನಾನು ಹಾಗೆ ಹೇಳಿದ್ದಕ್ಕೆ ಸುತ್ತ ಕೂತಿದ್ದವರು ನಕ್ಕರು. ರೇಣುಕಮ್ಮನೂ ನಕ್ಕಳು, ಹೊಟ್ಟೆ ಒತ್ತಿಕೊಂಡು.

ಅಂಡಾಶಯದಲ್ಲಿ ಗಡ್ಡೆ ಕಂಡಿತು, ತೆಗೆದರು. ನಿಂಬೆಹಣ್ಣಿನಷ್ಟಿತ್ತು, ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅದನ್ನು ತೆಂಗಿನಕಾಯಿ ಮಾಡಿದ್ದೆ. ನೋವು ಮಾತ್ರ ಹೋಗಲಿಲ್ಲ. ಗುಳಿಗೆಯಲ್ಲೇ ಮೂರು ವರ್ಷ ದೂಡಿದಳು. ಇನ್ನೊಂದು ಆಪರೇಷನ್ ಬೇಕೆಂದಾಗ, ಮೊದಲು ಎಂಆರ್‌ಐ ಆಗಲಿ ಅಂತ ದಾವಣಗೆರೆಗೆ ಕಳಿಸಿದರು.

ಆ ಯಂತ್ರದ ಸದ್ದಿಗೆ ನಾಲ್ಕು ಬೀದಿಯ ನಾಯಿಗಳು ಊರು ಬಿಟ್ಟಿದ್ದವು. ಫಿಲ್ಮು ನೋಡುವ ಡಾಕ್ಟರಮ್ಮನಿಗೂ ಅದನ್ನೇ ಹೇಳಿದೆ. ಅವರು ನಗಲಿಲ್ಲ. ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು. ಕರುಳು ಗರ್ಭಕೋಶದ ಹಿಂಬದಿಗೆ ಅಂಟಿ ಗಂಟಾಗಿತ್ತು. ಅದೇ ಗಂಟು ಎಡಗಡೆಯ ಮೂತ್ರನಾಳವನ್ನೂ ಹಿಸುಕಿತ್ತು. ಆ ಕಡೆಯ ಕಿಡ್ನಿ ಸದ್ದಿಲ್ಲದೆ ಸೊರಗಿಹೋಗಿದೆ, ಇನ್ನು ಸರಿಹೋಗುವುದಿಲ್ಲ ಎಂದರು. ಆಪರೇಷನ್ನಿಗೆ ಕರುಳಿನ ಡಾಕ್ಟರೂ ಕಿಡ್ನಿಯ ಡಾಕ್ಟರೂ ಜೊತೆಗಿರಬೇಕಂತೆ. ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಹೋದಾಗ ನೋವಾಗುತ್ತದೆಯೇ ಎಂದು ಮೊದಲ ಸ್ಕ್ಯಾನಿನವರು ಕೇಳಿರಲಿಲ್ಲವೇ ಅಂತ ವಿಚಾರಿಸಿದರು. ಗೊತ್ತಾಗಿದ್ದರೆ ಆಗಲೇ ಕರುಳಿನ ಕಡೆಯೂ ಹುಡುಕುತ್ತಿದ್ದರಂತೆ.

ಯಾರೂ ಕೇಳಲಿಲ್ಲ ಎಂದೆ. ಹೊರಗೆ ಐನೂರು ಜನ ಕಾಯುತ್ತಿದ್ದರು, ಆ ಡಾಕ್ಟರಿಗೆ ಬಾಯಿ ಬಿಡಲೂ ಪುರುಸೊತ್ತಿರಲಿಲ್ಲ ಅಂತ ಸೇರಿಸಿದೆ.

ರೇಣುಕಮ್ಮ ಫಿಲ್ಮಿನಿಂದ ಕಣ್ಣು ತೆಗೆಯದೆ ಮಾತಾಡಿದಳು.

"ಕೇಳಿದ್ರು ಮೇಡಂ. ಗಂಡಸ್ರ ಮುಂದೆ ನಂಗೆ ಬಾಯಿ ಬರ್ಲಿಲ್ಲ. ನೋವೈತೆ, ರಕ್ತಾನೂ ಬೀಳ್ತೈತೆ ಅಂತ ಇವ್ರ ಕಿವ್ಯಾಗೆ ಹೇಳ್ದೆ. ಇವ್ರು ಅಂಥದ್ದೇನಿಲ್ಲ ಅಂದ್ಬಿಟ್ರು."

"ಹೌದೇನ್ರೀ?" ಎಂದರು ಡಾಕ್ಟರಮ್ಮ.

ಹೌದು. ಮೊದಲ ಸ್ಕ್ಯಾನಿನ ದಿನ ಹೊರಗೆ ಕಾಯುತ್ತಿದ್ದವರು ಮೂವರೇ. ಅವರಲ್ಲಿ ಬಾಗಿಲಲ್ಲೇ ಚೀಟಿ ಹಿಡಿದು ನಿಂತಿದ್ದವನು ನಮ್ಮ ಬೀದಿಯ ಪಾತಣ್ಣ. ಈ ಮಾತು ಅವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಸ್ಟ್ಯಾಂಡಿನಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ ಅಂತ ಹೆದರಿದೆ, ಅಷ್ಟೇ. ಇದ್ದದ್ದನ್ನು ಹತ್ತು ಪಟ್ಟು ಮಾಡಿ ಹೇಳುವ ನಾನು ಅವತ್ತು ಅವಳ ನೋವನ್ನೇ ಇಲ್ಲ ಅಂದೆ. ಮೂರು ವರ್ಷದಲ್ಲಿ ಅವಳು ಒಂದು ಸಲವೂ ಅದನ್ನು ಎತ್ತಿ ಆಡಿರಲಿಲ್ಲ.

"ಅವ್ಳು ಹೇಳಿದ್ಲು ಮೇಡಂ," ಎಂದೆ. "ನಾನೇ ಮುಚ್ಚಿಟ್ಟೆ."