ಕಟಕಟೆಯಲ್ಲಿ ಉಳಿದ ಹಸಿರು ಬಳೆ

ನಾನು ಒಂದು ಕಟಕಟೆ. ಕೋರ್ಟಿನಲ್ಲಿ ಸಾಕ್ಷಿಗಳು ನಿಂತು ಮಾತಾಡುವ ಮರದ ಗೂಡು. ಹಾವೇರಿ ಕಡೆಯ ಬಡಿಗ ಮೌನೇಶಪ್ಪ ನನ್ನನ್ನು ಸಾಗವಾನಿಯಲ್ಲಿ ಮಾಡುವಾಗ ಮೀಸೆ ಹೊತ್ತ ಗಂಡಸರ ಅಳತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದ. ಮಕ್ಕಳೂ ಇಲ್ಲಿ ನಿಲ್ಲಬೇಕಾದೀತೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಮೊದಲು ಹಳೇ ಕಚೇರಿಯಲ್ಲಿದ್ದೆ. ಆಮೇಲೆ ಎತ್ತಿನ ಗಾಡಿಯೇರಿ ಸಿವಿಲ್ ಕೋರ್ಟಿಗೆ ಬಂದೆ. ಅಲ್ಲಿ ಸತ್ತವರ ಆಸ್ತಿಯ ಜಗಳ, ತಬ್ಬಲಿ ಮಕ್ಕಳು ಯಾರ ವಶದಲ್ಲಿರಬೇಕೆಂಬ ವ್ಯಾಜ್ಯ. ಒಡಹುಟ್ಟಿದವರೇ ನನ್ನ ಕಂಬಿ ಹಿಡಿದು, ದೇವರಾಣೆ ಮಾಡಿ ಸುಳ್ಳು ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಥೂ!

ಒಂದು ದಿನ ಹದಿಮೂರರ ನೀಲವ್ವ ಬಂದಳು. ತಾಯಿತಂದೆ ಇರಲಿಲ್ಲ. ಅಪ್ಪ ಬಿಟ್ಟುಹೋದ ಪೇಟೆಯ ಮನೆಯೊಂದಿತ್ತು. ಅದರ ಮೇಲೆ ಕಣ್ಣಿಟ್ಟ ಅಪ್ಪನ ತಮ್ಮ, ಕಾಕಾ ಈರಭದ್ರಪ್ಪ, ಹುಡುಗಿಗೆ ತಾನೇ ಪೋಷಕನಾಗಬೇಕೆಂದು ಅರ್ಜಿ ಹಾಕಿದ್ದ. ಅವಳಿಗೋ ಬಳೆ ಮಾರುವ ಚಿಕ್ಕವ್ವ ಬಸಲಿಂಗವ್ವನ ಜೊತೆ ಇರುವ ಆಸೆ.

ನ್ಯಾಯಾಧೀಶರು, "ಒಳಗೆ ನನ್ನ ಕೋಣೆಗೆ ಬಂದು ಹೇಳಮ್ಮ" ಎಂದರು.

"ಬ್ಯಾಡ್ರಿ ಸಾಹೇಬ್ರ. ಎಲ್ಲಾರ ಮುಂದನ ಹೇಳತೇನಿ" ಎಂದವಳೇ ಬಂದು ನನ್ನ ಮೇಲೇರಿದಳು. ಕಂಬಿ ಅವಳ ಗದ್ದಕ್ಕೆ ಬಂತು. ತುದಿಗಾಲಲ್ಲಿ ನಿಂತಳು. ಭಲೇ ಹುಡುಗಿ ಎಂದುಕೊಂಡೆ.

"ಎರಡ ವರ್ಷ ಸ್ವಂತ ಮಗಳಂಗ ಸಾಕಿ ಬೆಳಸೇನ್ರಿ" ಎಂದ ಕಾಕಾ. "ನೋಡ್ರಿ, ಇವತ್ತೂ ಕೈತುಂಬ ಹೊಸಾ ಬಳಿ ತಂದು ಹಾಕಿಸಿ ಕರಕೊಂಡು ಬಂದೇನಿ."

ನೀಲವ್ವ ಕಂಬಿ ಹಿಡಿದ ಕೈ ಇಳಿಬಿಟ್ಟಳು. ಹಸಿರು ಬಳೆಗಳೆಲ್ಲ ಸರ್ರನೆ ಜಾರಿ ನನ್ನ ಹಲಗೆಯ ಮೇಲೆ ಬಿದ್ದು ಚೂರಾದವು.

"ನನ್ನ ಮಗಳ ಅಳತಿಗೆ ತಂದಿದ್ದೆ..." ಕಾಕಾ ತೊದಲಿದ.

"ಯಾವತ್ತರ ನನ್ನ ಕೈ ಹಿಡದಿಯೇನ ಕಾಕಾ? ಹಿಡದಿದ್ರ ಅಳತಿ ತಿಳೀತಿತ್ತು. ನಿನಗ ಬೇಕಾಗಿದ್ದು ನಮ್ಮಪ್ಪನ ಮನಿ. ನಾ ಚಿಕ್ಕವ್ವನ ಕೂಡ ಹೋಗತೇನಿ."

ಬಸಲಿಂಗವ್ವ ಸೆರಗು ಬಾಯಿಗೊತ್ತಿ ಅತ್ತಳು. ವಿಚಾರಣೆ ಮುಗಿದು ಆದೇಶ ಬಂತು: ಚಿಕ್ಕವ್ವನೇ ಪೋಷಕಿ, ಕೋರ್ಟಿನ ಅಪ್ಪಣೆಯಿಲ್ಲದೆ ಯಾರೂ ಆ ಮನೆ ಮಾರಕೂಡದು. ಕಾಕಾನ ಮುಖ ಹುಳ್ಳಗಾಯಿತು. ನನಗೆಷ್ಟು ಖುಷಿಯಾಯಿತೆಂದರೆ, ಕಾಲಿದ್ದಿದ್ದರೆ ಕುಣಿದೇಬಿಡುತ್ತಿದ್ದೆ.

ಹೊಸ ಕಟ್ಟಡ ಬಂತು, ಹೊಸ ಕಟಕಟೆಯೂ ಬಂತು. ನಾನು ಹರಾಜಾಗಿ ಗುಜರಿ ಅಂಗಡಿಯ ಮೂಲೆ ಸೇರಿದೆ. ಹಲಗೆಯ ಸಂದಿಯಲ್ಲಿ ಒಂದು ಹಸಿರು ಚೂರು ಇನ್ನೂ ಕೂತಿದೆ. ಮೊನ್ನೆ ಅದನ್ನು ಕೀಳಲು ಬಂದ ಅಂಗಡಿಯವನ ಬೆರಳು ಕೊಯ್ಯಿತು.

"ಸುಡುಗಾಡ ಕಟಗಿ! ಇದನ್ನ ಒಡದು ಒಲೀಗೆ ಹಾಕ್ತೇನಿ" ಎಂದು ಬೈದ.

ಹಾಕಪ್ಪ, ಯಾರು ಬೇಡವೆಂದರು? ತುದಿಗಾಲಲ್ಲಿ ನಿಂತು ತನ್ನ ಬದುಕನ್ನು ತಾನೇ ಕೇಳಿ ಪಡೆದ ಹುಡುಗಿಯನ್ನು ಹೊತ್ತ ಹಲಗೆ ನಾನು. ಒಲೆಗಿಟ್ಟರೂ ತೆಪ್ಪಗೆ ಉರಿಯುವುದಿಲ್ಲ. ಚಟಪಟ ಮಾತಾಡಿಯೇ ಉರಿಯುತ್ತೇನೆ.