ಗುಲಾಬಬಿಯ ಧ್ವನಿ ಮತ್ತು ಹೊಸ ಮಷೀನು

ಪರದೆಯ ಮರೆಯಲ್ಲಿ ಯಾರೂ ಇಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು ಗುಲಾಬಬಿ ತನ್ನ ಕಿರುಬೆರಳಿನಿಂದ ಹೊಸ ಆಂಪ್ಲಿಫೈಯರಿನ ಕರಿ ಗುಂಡಿಗೆ ಕೆಂಪು ಬಣ್ಣ ಸವರಿದಳು. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಗಲ್ಲಕ್ಕೆ ಹಚ್ಚಿಕೊಳ್ಳುವ ಬಣ್ಣ. ಕೈಗೆ ಹತ್ತಿದರೆ ನೀರಿಗೆ ಹೋಗುವುದಲ್ಲ. ಮೈಕಿನ ಜಹಾಂಗೀರ ಆಟಕ್ಕೆ ಮುಂಚೆಯೇ ಆ ಗುಂಡಿಯನ್ನು ತಿರುವಿ ಅಳತೆಗೆ ತಂದಿಡುತ್ತಿದ್ದ, ಆಮೇಲೆ ಮುಟ್ಟುವುದೇ ಇಲ್ಲವೆಂದು ಆಣೆ ಮಾಡುತ್ತಿದ್ದ. ಇವತ್ತು ಮುಟ್ಟಿದನೋ, ಕಳ್ಳ ಸಿಕ್ಕಿದ.

ಗುಲಾಬಬಿಯ ಧ್ವನಿಯೆಂದರೆ ಸಾಮಾನ್ಯದ್ದಲ್ಲ. ಹದಿನೆಂಟು ವರ್ಷ ಹಾಲೇಶಪ್ಪನವರ ನಾಟಕ ಕಂಪನಿಯನ್ನು ಹೆಗಲ ಮೇಲೆ ಹೊತ್ತ ಧ್ವನಿ ಅದು. ಆಕೆ ರಾಣೆಬೆನ್ನೂರಿನಲ್ಲಿ ಬಾಯಿ ತೆರೆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತ ಹೆಂಗಸರು ತಮ್ಮನ್ನೇ ಯಾರೋ ಕರೆದರೆಂದು ಎದ್ದು ನಿಲ್ಲುತ್ತಿದ್ದರು. ಹಾವೇರಿಯ ಕ್ಯಾಂಪಿನಲ್ಲೊಮ್ಮೆ ಆಕೆಯ ಅಳುವಿಗೆ ಸ್ಟೇಷನ್ ಬಿಟ್ಟ ರೈಲೇ ನಿಂತಿತ್ತು. ಗಾರ್ಡು ಇಳಿದು ಬಂದು, ಉಳಿದ ನಾಟಕವನ್ನು ನಿಂತೇ ನೋಡಿ, ಕಣ್ಣೊರೆಸಿಕೊಂಡ ಮೇಲೆಯೇ ಹಸಿರು ಬಾವುಟ ತೋರಿಸಿದ. ಅದು ಹಳೆಯ ಮಷೀನಿನ ಕಾಲ. ಆ ಬಡಪಾಯಿ ಮಷೀನು ಎರಡು ಸ್ಪೀಕರು ಸುಟ್ಟು ತಾನೂ ಸತ್ತಿತು. ತೊಂಬತ್ತೊಂದರ ಬೇಸಿಗೆಯಲ್ಲಿ ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಬದಿಗೆ ತಗಡಿನ ಥೇಟರು ಎದ್ದಾಗ ಮುಂಬಯಿಯಿಂದ ಈ ಹೊಸದು ಬಂತು.

ಬಂದ ದಿನದಿಂದ ಆಕೆಗೆ ಗ್ರಹಚಾರ ಕಾಡಿತು. ಕೋರ್ಟಿನ ಸೀನಿನಲ್ಲಿ ತಾಯಿಯಾದ ಗುಲಾಬಬಿ ವಕೀಲ ಮಗನ ಎದುರು ನಿಂತು, "ಹೆತ್ತಾಕಿ ಕೇಳಾಕತ್ತೇನಿ, ಹೇಳೋ" ಎನ್ನಬೇಕು. ಇಡೀ ನಾಟಕ ನಿಂತಿರುವುದೇ ಆ ಮಾತಿನ ಮೇಲೆ. ಸರಿಯಾಗಿ ಅಲ್ಲಿಗೇ, ಕುದಿಯುವ ಗಡಿಗೆಯ ಮೇಲೆ ಯಾರೋ ಮುಚ್ಚಳ ಒತ್ತಿ ಹಿಡಿದಂತೆ ಧ್ವನಿ ಕುಗ್ಗುತ್ತಿತ್ತು. ಎಂಟು ಆಟ ಹೀಗೇ ಆಯಿತು. ಹಾಲೇಶಪ್ಪನವರು ಎಲೆಯಡಿಕೆ ಮೆಲ್ಲುತ್ತ, ಆಕೆಯ ಗಂಟಲು ಸೋತಂತಿದೆಯೆಂದೂ ಭಾನುವಾರದ ಆಟಕ್ಕೆ ಇಲ್ಲಿನ ಕ್ಯಾಂಪು ಮುಗಿಯುತ್ತದೆಂದೂ ಬ್ಯಾಡಗಿಯಲ್ಲಿ ತಾಯಿಯ ಪಾತ್ರ ಮೈಲವ್ವನಿಗೆಂದೂ ಹೇಳಿಬಿಟ್ಟರು. ಮೈಲವ್ವ ಕಂಪನಿಗೆ ಬಂದು ವರ್ಷ ತುಂಬಿರಲಿಲ್ಲ. ಸೊಸೆಯ ಪಾತ್ರ, ಗುಬ್ಬಿಯಷ್ಟು ಧ್ವನಿ. ಆ ಗುಬ್ಬಿ ಮಾತ್ರ ಕೊನೆಯ ಬೆಂಚಿನವರೆಗೂ ಸ್ವಚ್ಛ ಕೇಳುತ್ತಿತ್ತು. ಜಹಾಂಗೀರ ಆಕೆಗೆ ಚಹಾ ತಂದುಕೊಟ್ಟದ್ದನ್ನು ಗುಲಾಬಬಿ ಎರಡು ಸಲ ಕಣ್ಣಾರೆ ಕಂಡಿದ್ದಳು. ಮೂರನೆಯ ಸಲವನ್ನು ತಾನೇ ಊಹಿಸಿಕೊಂಡಿದ್ದಳು.

ಗುಂಡಿಗೆ ಬಣ್ಣ ಸವರಿದ ಅವತ್ತೂ ಧ್ವನಿ ಕುಗ್ಗಿತು. ಪರದೆ ಬೀಳುತ್ತಲೇ ಗುಲಾಬಬಿ ಬಣ್ಣದ ಮುಖದಲ್ಲೇ ಬಂದು ಜಹಾಂಗೀರನ ಎರಡೂ ಕೈ ಹಿಡಿದು ತಿರುವಿ ನೋಡಿದಳು. ನಲವತ್ತರ ಆಸುಪಾಸಿನ ಸಾವಧಾನದ ಮನುಷ್ಯ. ಗಾಜಿನ ಭಾರಕ್ಕೆ ಕನ್ನಡಕ ಜಾರುತ್ತಲೇ ಇರುತ್ತಿತ್ತು, ಮಾತಿಗೊಮ್ಮೆ ತೋರುಬೆರಳಿನಿಂದ ಅದನ್ನು ಮೂಗಿನ ಮೇಲಕ್ಕೆ ತಳ್ಳುತ್ತಿದ್ದ. ಹತ್ತೂ ಬೆರಳು ಸ್ವಚ್ಛ ಇದ್ದವು. ಮೂಗೂ ಸ್ವಚ್ಛ. ಆಕೆಯ ಸಂಶಯ ಹೋಗುವ ಬದಲು ಇಮ್ಮಡಿಯಾಯಿತು. ಅರಿವೆ ಸುತ್ತಿಕೊಂಡು ತಿರುವಿದನೋ ಏನೋ.

"ಕೈ ಯಾಕ ನೋಡ್ತೀರಿ ಆಪಾ, ಭವಿಷ್ಯ ಹೇಳಾಕ ಕಲ್ತೀರೇನು?"

"ನಂದು ಮುಗಿಸಾಕ ಯಾರ ಹೇಳ್ಯಾರ ನಿನಗ? ಅದನ್ನಷ್ಟು ಹೇಳು."

ಜಹಾಂಗೀರ ಸಿಟ್ಟಾಗಲಿಲ್ಲ. ಆಕೆಯನ್ನು ಮಷೀನಿನ ಮುಂದೆ ಕೂರಿಸಿ, ಮೂಲೆಯಲ್ಲಿದ್ದ ಎಳ್ಳಿನಷ್ಟು ಸಣ್ಣ ದೀಪ ತೋರಿಸಿದ.

"ಇದರಾಗ ಒಂದು ಕಾವಲ ಐತ್ರಿ. ಧ್ವನಿ ಅಳತಿ ಮೀರಿತಂದ್ರ ತಾನ ಒತ್ತಿ ಹಿಡಿತೈತಿ, ಸ್ಪೀಕರ್ ಸುಡಬಾರದಂತ. ಒತ್ತೂ ಮುಂದ ಈ ಕೆಂಪು ದೀಪ ಹತ್ತತೈತಿ. ಇಡೀ ಕಂಪನಿಯಾಗ ಇದನ್ನ ಹಚ್ಚಾವ್ರು ನೀವೊಬ್ರ."

"ಮೈಲವ್ವಗ?"

"ಆಕೀಗೆ ಮಿಣಕ್ ಸುದ್ದಾ ಅನ್ನಂಗಿಲ್ಲ."

ಮಷೀನಿನ ಬೆನ್ನಿಗೆ ಒಂದು ಸಣ್ಣ ಸ್ವಿಚ್ಚು ಇದೆಯೆಂದೂ ಅದನ್ನು ಕೆಳಗೆ ಮಾಡಿದರೆ ಕಾವಲು ತೆಗೆದಂತೆಯೇ ಎಂದೂ ಆತ ವಿವರಿಸಿದ. ಆದರೆ ಅದಕ್ಕೆ ಕೈಹಚ್ಚಿದ ದಿನ ಗಂಟು ಕಟ್ಟಿಕೊಂಡು ಮನೆಗೆ ಹೋಗಬೇಕೆಂದು ಮಾಲಕರ ಅಪ್ಪಣೆಯಾಗಿತ್ತು. "ಅದು ಒತ್ತಿದಾಗೊಮ್ಮೆ ನನಗೂ ಎದ್ಯಾಗ ಹೆಂಗೋ ಆಗತೈತ್ರಿ" ಎಂದು ಕನ್ನಡಕ ಮೇಲೇರಿಸಿದ.

ಗುಲಾಬಬಿ ಅಷ್ಟನ್ನೂ ಕೇಳಿಸಿಕೊಂಡು ಒಂದೇ ಒಂದು ಮಾತನ್ನು ನಂಬಿದಳು: ಬೆನ್ನಿಗೊಂದು ಸ್ವಿಚ್ಚು ಇದೆ. ಹಾಗಾದರೆ ಕಳ್ಳತನ ಅಲ್ಲಿಂದಲೇ. ಎಲ್ಲರಿಗೂ ಕೆಳಗೆ ಮಾಡಿಟ್ಟು, ತನ್ನ ಸರದಿ ಬಂದಾಗ ಮೇಲೆ ಮಾಡುತ್ತಾನೆ. ಭಾನುವಾರ ಮೂರು ಗಂಟೆಯ ಆಟಕ್ಕೆ ಮುಂಚೆ, ಆತ ವೇದಿಕೆಯ ಮೈಕು ತೂಗುಹಾಕಲು ಹೋದಾಗ, ಮಷೀನಿನ ಹಿಂದೆ ಕೈಯಾಡಿಸಿ ಸ್ವಿಚ್ಚನ್ನು ಹುಡುಕಿ, ಅದಕ್ಕೂ ಕೆಂಪು ಬಳಿದಳು.

ಥೇಟರು ತುಂಬಿತ್ತು. ಮೇಡ್ಲೇರಿಯಿಂದಲೇ ಏಳು ಟ್ರ್ಯಾಕ್ಟರು ಜನ. ಕುಳಿತವರ ಮಡಿಲಲ್ಲಿ ಒಬ್ಬರು, ಅವರ ಮಡಿಲಲ್ಲಿ ಇನ್ನೊಬ್ಬರು. ಮೈಲವ್ವನ ಸೀನು ನಡೆಯುವಷ್ಟು ಹೊತ್ತೂ ಗುಲಾಬಬಿ ಪರದೆಯ ಸಂದಿನಿಂದ ಜಹಾಂಗೀರನನ್ನೇ ನೋಡಿದಳು. ಆತ ಕೈಕಟ್ಟಿ ಕುಳಿತಿದ್ದ, ನಮಾಜಿಗೆ ನಿಂತವರ ಹಾಗೆ. ಕೋರ್ಟಿನ ಸೀನಿಗೆ ಆಕೆ ವೇದಿಕೆಗೆ ಹೋದ ಮೇಲೆ ಮಗನ ಪಾತ್ರದ ಗುಡ್ಡಪ್ಪನ ಕರಿ ಕೋಟು ಅಡ್ಡ ಬಂತು. ಆಮೇಲೆ ಆತ ಕಾಣಲಿಲ್ಲ.

ಆಕೆ ಉಸಿರು ಎಳೆದುಕೊಂಡಳು.

"ಹೆತ್ತಾಕಿ ಕೇಳಾಕತ್ತೇನಿ, ಹೇಳೋ!"

ಮುಚ್ಚಳ ಬೀಳಲಿಲ್ಲ. ತಗಡುಗಳು ಗಡಗಡ ನಡುಗಿದವು. ಸ್ಟೇಷನ್ ಮುಂದಿನ ಆಟೋದವರೆಲ್ಲ ಒಟ್ಟಿಗೆ ಬ್ರೇಕು ಒತ್ತಿದರು. ತುಂಗಭದ್ರೆ ಒಂದು ಗಳಿಗೆ ನಿಂತು, ಯೋಚಿಸಿ, ಮುಂದೆ ಹರಿಯಿತು. ಹೇಳಬೇಕಾದ ಉತ್ತರ ಮರೆತ ಗುಡ್ಡಪ್ಪ ನಿಜವಾಗಿಯೂ ಅತ್ತುಬಿಟ್ಟ, ಜನರೂ ಅತ್ತರು. ಎಡಗಡೆಯ ಸ್ಪೀಕರಿನಿಂದ ಸುಟ್ಟ ವಾಸನೆ ಬಂದದ್ದು ಆ ಅಳುವಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹಾಲೇಶಪ್ಪನವರಿಗೆ ಗೊತ್ತಾಯಿತು. ಪರದೆ ಬಿದ್ದ ಕೂಡಲೇ ಒದ್ದೆ ಕಣ್ಣು, ಅರಳಿದ ಮೂಗು ಹೊತ್ತು ಒಳಗೆ ಬಂದರು. ಯಾರು ಮುಟ್ಟಿದರೆಂದು ಕೇಳಿ, ಬಗ್ಗಿ ಮಷೀನಿನ ಬೆನ್ನು ನೋಡಿದರು. ಸ್ವಿಚ್ಚು ಇರಬೇಕಾದಂತೆ ಮೇಲೆಯೇ ಇತ್ತು, ಆದರೆ ಅದರ ತುದಿಗೆ ಕೆಂಪು ಮೆತ್ತಿತ್ತು. ಹಾಗೆ ಬಗ್ಗಿದವರೇ, ನೀನು ಮುಟ್ಟಿದೆಯೇನೆಂದು ಜಹಾಂಗೀರನನ್ನು ಕೇಳಿದರು.

"ಇಲ್ರಿ" ಎಂದ ಜಹಾಂಗೀರ ಕನ್ನಡಕ ಮೇಲೇರಿಸಿಕೊಂಡ. ಮೂಗಿನ ಮೇಲೆ ಜೋಳದ ಕಾಳಿನಷ್ಟು ಕೆಂಪು ಮೂಡಿತು.

ಗುಲಾಬಬಿ ಅದನ್ನು ಕಂಡಳು. ಹಾಲೇಶಪ್ಪನವರ ತಲೆ ಇನ್ನೂ ಮೇಲೇಳುತ್ತಿತ್ತು. ಆಕೆ ಬಣ್ಣ ತೆಗೆಯುವ ಎಣ್ಣೆಬಟ್ಟೆಯನ್ನು ಜಹಾಂಗೀರನತ್ತ ಎಸೆದಳು. "ಮಾರಿ ಒರಸ್ಕೋ, ಬೆವರು ಇಳ್ಯಾಕತ್ತೈತಿ" ಎಂದವಳೇ ಇಬ್ಬರ ನಡುವೆ ಬಂದು ನಿಂತಳು. ಆಕೆ ಅಡ್ಡ ನಿಂತರೆ ಹಿಂದೆ ಒಂದು ಲಾರಿಯೂ ಕಾಣುತ್ತಿರಲಿಲ್ಲ.

"ನನ್ನ ಧ್ವನಿಗೆ ಸುಟ್ಟೈತ್ರಿ ಮಾಲಕರ. ಬೈಯೂದಿದ್ರ ನನಗ ಬೈರಿ."

ಹಾಲೇಶಪ್ಪನವರು ಆಕೆಯ ಭುಜದಾಚೆ ಇಣುಕಲು ಒಮ್ಮೆ ಕತ್ತು ಚಾಚಿದರು, ಕಾಣಲಿಲ್ಲ. ಎಡಗಡೆಯ ಸ್ಪೀಕರನ್ನು ಬೇರೆ ಕಟ್ಟಿಡಲು ಹೇಳಿ ಬಾಗಿಲ ತನಕ ಹೋಗಿ ತಿರುಗಿದರು.

"ಬ್ಯಾಡಗೀಗೂ ನೀನ ಬಾ. ಸ್ವಲ್ಪ ಸಾವಕಾಶ ಒದರು."

ಅವರು ಹೋದ ಮೇಲೆ ಜಹಾಂಗೀರ ಬಟ್ಟೆಯನ್ನು ಮಡಚಿ ಆಕೆಯ ಕನ್ನಡಿಯ ಮುಂದಿಟ್ಟು, ತಂತಿ ಸುತ್ತತೊಡಗಿದ. ಗುಲಾಬಬಿ ಬಟ್ಟೆ ಬಿಚ್ಚಿದಳು. ಒಂದು ಮೂಲೆಯಲ್ಲಿ ಬೆರಳಗಲ ಕೆಂಪು ಇತ್ತು. ಆಕೆ ಉಳಿದ ಮೂರು ಮೂಲೆಗಳಿಂದ ಹಣೆ, ಗಲ್ಲ, ಕತ್ತು ಒರೆಸಿಕೊಂಡು, ಆ ಮೂಲೆ ಒಳಗೆ ಬರುವಂತೆ ಬಟ್ಟೆಯನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟಳು.