ಎರಡನೇ ಸೆಟ್ಟಿಂಗ್

ಟೆಂಪೋ ಹಿಂದಕ್ಕೆ ತೆಗೆಯುವಂತೆ ಶಂಭುಲಿಂಗಪ್ಪ ಕೈಯಾಡಿಸುತ್ತಿದ್ದರು. ಹೆಣ ಒಯ್ಯಲೆಂದು ಅದನ್ನು ತಂದಿದ್ದ ತರಕಾರಿ ವ್ಯಾಪಾರದ ಮಹದೇವ್ ಎಂಜಿನ್ ಆರಿಸದೆ, ಸ್ಟೀರಿಂಗ್ ಹಿಡಿದುಕೊಂಡೇ ವರಲಕ್ಷ್ಮಿಯ ಮುಖ ನೋಡಿದ. ಕಾಮಾಕ್ಷಿಪಾಳ್ಯದ ಆ ಗಲ್ಲಿಯಲ್ಲಿ ಒಂದು ಗಾಡಿ ನಿಂತರೆ ಇನ್ನೊಂದಕ್ಕೆ ಜಾಗವಿಲ್ಲ. ಬಾಗಿಲ ಮುಂದಿನ ಬೆಂಚಿನ ಮೇಲೆ ಅವಳ ಅಪ್ಪ ದೊಡ್ಡಹನುಮಯ್ಯನವರ ದೇಹವನ್ನು ಮಲಗಿಸಿದ್ದರು.

ಅಪ್ಪ ಇಪ್ಪತ್ತಾರು ವರ್ಷ ಮೆಕ್ಯಾನಿಕ್ ಆಗಿ ದುಡಿದ ಮಾಗಡಿ ರಸ್ತೆಯ ಗ್ಯಾರೇಜಿನ ಮಾಲೀಕರು ಶಂಭುಲಿಂಗಪ್ಪ. ಯಾರೂ ಕೇಳದಿದ್ದರೂ ಗಾಜಿನ ಪೆಟ್ಟಿಗೆಯ ಶವವಾಹನವನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು ಬಂದಿದ್ದರು. ನೆಂಟರಿಗೆಲ್ಲ ಅದು ದೊಡ್ಡಸ್ತಿಕೆಯಾಗಿ ಕಂಡಿತ್ತು.

"ಆ ಟೆಂಪೋಗೆ ಹೆಡ್ ಗ್ಯಾಸ್ಕೆಟ್ ಹಾಕಿದ್ದು ಹನುಮಯ್ಯಾನೇ ಅಂತೆ, ಇದೇ ಬಾಗಿಲ ಮುಂದೆ," ಎಂದು ಅವರು ಸುತ್ತ ನಿಂತವರಿಗೆ ಹೇಳಿದರು. "ಪಾಪ, ಕೈ ನಡುಗ್ತಿತ್ತು ಮನುಷ್ಯಂಗೆ. ದಾರೀಲಿ ಗಾಡಿ ನಿಂತ್ಕೊಂಡ್ರೆ ಹೆಣ ಇಟ್ಕೊಂಡು ಏನ್ಮಾಡ್ತೀರ?"

ಒಬ್ಬಿಬ್ಬರು ಹೌದೆಂದು ತಲೆಯಾಡಿಸಿದರು. ವರಲಕ್ಷ್ಮಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯಿತು. ಕೈ ನಡುಗ್ತಿತ್ತು ಎಂಬ ಆ ಮಾತನ್ನು ಅವಳು ಎಂಟು ವರ್ಷದಿಂದ ಕೇಳುತ್ತಲೇ ಬಂದಿದ್ದಳು.

*

ಎಂಟು ವರ್ಷದ ಹಿಂದೆ ಅಪ್ಪನ ಕೈ ನಡುಗುತ್ತಿರಲಿಲ್ಲ. ಆಗ ಗ್ಯಾರೇಜಿಗೆ ಶಾಲೆಯೊಂದರ ವ್ಯಾನ್ ಬಂದಿತ್ತು. ಅಪ್ಪ ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ ಅದರಡಿಗೆ ಹೊಸ ಗ್ಯಾಸ್ಕೆಟ್ ಹಾಕಿದರು, ಬೋಲ್ಟುಗಳನ್ನು ಬಿಗಿ ಮಾಡಿ ವಾಲ್ವುಗಳ ಸಂದು ಅಳೆದು ಸರಿಪಡಿಸಿದರು. ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಎಂಜಿನ್ ಓಡಿ ಬಿಸಿಯಾದಾಗ ಗ್ಯಾಸ್ಕೆಟ್ ಅಮುಕಿಕೊಂಡು ಕೂರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿದು, ಸಂದನ್ನು ಎರಡನೇ ಸಲ ಸೆಟ್ ಮಾಡಬೇಕು. ಮಾಡದಿದ್ದರೆ ಸಂದು ಮುಚ್ಚಿಹೋಗಿ ವಾಲ್ವ್ ಸುಟ್ಟುಹೋಗುತ್ತದೆ. ನಾಳೆ ಬೆಳಿಗ್ಗೆ ಬಂದು ಮಾಡುತ್ತೇನೆ, ಅಲ್ಲಿಯವರೆಗೆ ಗಾಡಿ ಕೊಡಬೇಡಿ ಎಂದು ಹೇಳಿ ಅಪ್ಪ ಮನೆಗೆ ಬಂದಿದ್ದರು.

ಬೆಳಿಗ್ಗೆ ಹೋಗುವಷ್ಟರಲ್ಲಿ ವ್ಯಾನ್ ಹೊರಟುಹೋಗಿತ್ತು. ಹದಿನೈದು ದಿನಕ್ಕೆ ವಾಲ್ವ್ ಸುಟ್ಟುಕೊಂಡು, ಮಕ್ಕಳನ್ನು ತುಂಬಿಕೊಂಡೇ ನಡುರಸ್ತೆಯಲ್ಲಿ ನಿಂತಿತು. ಶಾಲೆಯವರು ಬಂದು ಕೂಗಾಡಿದಾಗ ಶಂಭುಲಿಂಗಪ್ಪ ಅಪ್ಪನನ್ನು ಅವರ ಮುಂದೆ ನಿಲ್ಲಿಸಿ, ವಯಸ್ಸಾಯ್ತು ಸಾರ್, ಕೈ ನಡುಗುತ್ತೆ ಎಂದರು. ಅಪ್ಪ ಪಕ್ಕದಲ್ಲಿದ್ದ ಜೊತೆ ಮೆಕ್ಯಾನಿಕ್ ವೆಂಕಟರಮಣಪ್ಪನ ಕಡೆ ನೋಡಿದರು. ಇಪ್ಪತ್ತು ವರ್ಷ ಒಂದೇ ಬುತ್ತಿಯಲ್ಲಿ ಉಂಡಿದ್ದ ಆ ಮನುಷ್ಯ ತಲೆ ಬಗ್ಗಿಸಿಕೊಂಡು ಸ್ಪ್ಯಾನರ್ ಒರೆಸುತ್ತಿದ್ದ.

ಅವತ್ತೇ ಕೆಲಸ ಹೋಯಿತು. ಆಮೇಲೆ ಮಾಗಡಿ ರಸ್ತೆಯಲ್ಲಿ ಬೇರೆ ಯಾರೂ ಅಪ್ಪನಿಗೆ ಕೆಲಸ ಕೊಡಲಿಲ್ಲ.

*

ಮಹದೇವನ ಟೆಂಪೋ ಕೆಲಸ ಹಿಡಿದದ್ದು ಹೋದ ತಿಂಗಳು. ಅಷ್ಟರಲ್ಲಿ ಅಪ್ಪನ ಕೈ ನಿಜವಾಗಿಯೂ ನಡುಗಲು ಶುರುವಾಗಿತ್ತು. ಗಾರ್ಮೆಂಟ್ಸಿಗೆ ಹೋಗುವ ವರಲಕ್ಷ್ಮಿ ಭಾನುವಾರದ ರಜೆಯಲ್ಲಿ ಅವರ ಕೈಯಾದಳು. ಅಳತೆಯ ತೆಳ್ಳನೆಯ ಉಕ್ಕಿನ ಗೇಜನ್ನು ವಾಲ್ವಿನ ಸಂದಿನೊಳಗೆ ತೂರಿಸಿದಳು. ಸ್ಟೂಲಿನ ಮೇಲೆ ಕೂತಿದ್ದ ಅಪ್ಪ, ಎಳೆದು ನೋಡು ಎಂದರು. ಸಲೀಸಾಗಿ ಬರುತ್ತದೆ ಎಂದಳು.

"ಸಲೀಸಾಗಿ ಬರಬಾರ್ದು. ಸೀರೆ ಸೆರಗನ್ನ ಮಗು ಹಿಡ್ಕೊಂಡಿರುತ್ತಲ್ಲ, ಹಂಗೆ ಹಿಡೀಬೇಕು. ಆದ್ರೆ ಬಿಡಬೇಕು."

ಮಹದೇವನಿಗೆ ಮರುದಿನ ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಬೇಕಿತ್ತು. ಅಪ್ಪ ಬಿಡಲಿಲ್ಲ. ಎಂಜಿನ್ ಓಡಿಸಿ, ಆರಿಸಿ, ಬೀಗದ ಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಬೆಳಿಗ್ಗೆ ಎಂಜಿನ್ ಮೇಲೆ ಅಂಗೈಯಿಟ್ಟು, ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬೋಲ್ಟ್ ಬಿಗಿಸಿದರು. ಎಂಟೂ ವಾಲ್ವುಗಳ ಸಂದನ್ನು ಮಗಳಿಂದ ಇನ್ನೊಮ್ಮೆ ಸೆಟ್ ಮಾಡಿಸಿದರು. ಅವಳು ಅವತ್ತು ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡಳು.

*

"ಸಾರ್," ಎಂದಳು ವರಲಕ್ಷ್ಮಿ. ಅವಳ ತಾಯಿ ಅಂಜಮ್ಮ ಕೂತಲ್ಲಿಂದಲೇ ಸೆರಗು ಜಗ್ಗಿದರು. ಅವಳು ಬಿಡಿಸಿಕೊಂಡು ಮುಂದೆ ಬಂದಳು. "ಆ ಸ್ಕೂಲ್ ವ್ಯಾನನ್ನ ಬೆಳಿಗ್ಗೆ ಯಾರು ಕೊಟ್ಟು ಕಳಿಸಿದ್ದು? ನಮ್ಮಪ್ಪ ಮಲಗವ್ರೆ, ಅವ್ರ ಮುಂದೆ ಹೇಳಿ."

ಸತ್ತ ಮನೆಯಲ್ಲಿ ಅದೆಲ್ಲ ಯಾಕಮ್ಮ ಎಂದು ಶಂಭುಲಿಂಗಪ್ಪ ನಕ್ಕರು. ದುಃಖದಲ್ಲಿದ್ದಾಳೆ, ಬಿಡಿ ಎಂದು ಯಾರೋ ಸಮಾಧಾನಕ್ಕೆ ಬಂದರು. ಆಗ ಗುಂಪಿನ ಹಿಂದಿನಿಂದ ವೆಂಕಟರಮಣಪ್ಪ ಮುಂದೆ ಬಂದ. ಈಗ ಅವನೇ ಆ ಗ್ಯಾರೇಜಿನ ದೊಡ್ಡ ಮೆಕ್ಯಾನಿಕ್.

"ಕೊಟ್ಟಿದ್ದು ನಾನಮ್ಮ," ಎಂದ. "ಎರಡನೇ ಸೆಟ್ಟಿಂಗ್ ಆಗಿಲ್ಲ ಅಂದೆ. ಬೇಡ, ಕಳಿಸು ಅಂದ್ರು ಇವ್ರು. ನಿಮ್ಮಪ್ಪಂದು ಏನೂ ತಪ್ಪಿಲ್ಲ."

ಶಂಭುಲಿಂಗಪ್ಪನವರು ನೆಲ ನೋಡಿದರು, ಆಮೇಲೆ ಫೋನ್ ನೋಡಿದರು. ವರಲಕ್ಷ್ಮಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಇನ್ನೂ ಮೇಲೇರಿತು.

"ಇದೇ ಮಾತನ್ನ ಅವತ್ತೇ ಹೇಳಬೇಕಿತ್ತು ಮಾಮ. ಎಂಟು ವರ್ಷ ಅವ್ರು ಈ ಬಾಗಿಲಲ್ಲಿ ಕೂತಿದ್ರು. ಮನೆ ಎಲ್ಲಿ ಅಂತ ನಿಮಗೆ ಗೊತ್ತಿತ್ತು."

ಅವಳು ಟೆಂಪೋದ ಹಿಂಬಾಗಿಲನ್ನು ತಾನೇ ಇಳಿಸಿದಳು. ಶವವಾಹನ ಬಂದ ದಾರಿಯಲ್ಲೇ ಖಾಲಿ ಹಿಂತಿರುಗಿತು, ಅದರ ಹಿಂದೆ ಶಂಭುಲಿಂಗಪ್ಪನವರ ಕಾರೂ ಹೋಯಿತು. ಹೆಂಗಸರು ಮಸಣಕ್ಕೆ ಬರುವುದಿಲ್ಲ ಎಂದು ಹಿರಿಯರೊಬ್ಬರು ಅಂದರು. ವರಲಕ್ಷ್ಮಿ ಅಪ್ಪನ ಪಕ್ಕ ಹತ್ತಿ ಕೂತಳು. ಟೆಂಪೋ ಎಲ್ಲಿಯೂ ನಿಲ್ಲಲಿಲ್ಲ.

ಗುಂಡಿಯ ಸುತ್ತ ನಿಂತವರು ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ವೆಂಕಟರಮಣಪ್ಪನೂ ನಡೆದುಕೊಂಡೇ ಬಂದಿದ್ದ. ಬಗ್ಗಿ ಮಣ್ಣು ತೆಗೆದುಕೊಂಡವನು ಮುಂದೆ ಬರಲಾರದೆ ವರಲಕ್ಷ್ಮಿಯ ಕಡೆ ನೋಡಿದ. ಅವಳು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಸನಿಕೆ ಹಿಡಿದವರು ಗುಂಡಿ ಮುಚ್ಚಿ, ದಿಬ್ಬ ತಟ್ಟಿ, ನೀರು ಚಿಮುಕಿಸಿದರು. ಜನ ಕೈ ತೊಳೆಯಲು ನಲ್ಲಿಯ ಕಡೆ ನಡೆದರು. ಅವನು ಮುಷ್ಟಿ ಬಿಗಿ ಹಿಡಿದು ಅಲ್ಲೇ ನಿಂತಿದ್ದ. ಒಣಮಣ್ಣು ಬೆರಳ ಸಂದಿಯಿಂದ ಸಣ್ಣಗೆ ಸುರಿದು ಅವನ ಪಾದದ ಮೇಲೆಯೇ ಬೀಳುತ್ತಿತ್ತು.